ಜೋಮ್‌ಸೋಮ್ ವಿಮಾನ ರದ್ದಾಗಿ ಪೋಖರಾದಲ್ಲಿ ಉಳಿದಿರುವ ಅಜ್ಜ-ಅಜ್ಜಿ ಮುಕ್ತಿನಾಥಕ್ಕೆ ಮುಂದುವರಿಯಬಹುದೇ?

ಪ್ರಶ್ನೆ: ಗಂಗಾವತಿ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ.

ನನ್ನ ಅಜ್ಜನಿಗೆ 74 ವರ್ಷ, ಅಜ್ಜಿಗೆ 69. ಇಬ್ಬರೂ ಗಂಗಾವತಿಯಲ್ಲಿರುತ್ತಾರೆ, ನಾನು ಬಳ್ಳಾರಿಯಲ್ಲಿ ನೌಕರಿಯಲ್ಲಿದ್ದೇನೆ. ರಾಯಚೂರಿನಿಂದ ಹೊರಟ ಯಾತ್ರಾ ತಂಡವೊಂದರ ಜೊತೆ ಅವರು ಪಿತೃಪಕ್ಷದ ಕೊನೆಯ ವಾರದಲ್ಲಿ ನೇಪಾಳಕ್ಕೆ ಹೋದರು. ಗೋರಖಪುರದವರೆಗೆ ರೈಲು, ಸೋನೌಲಿ ಗಡಿ ದಾಟಿ ಲುಂಬಿನಿ, ಅಲ್ಲಿಂದ ಬಸ್ಸಿನಲ್ಲಿ ಪೋಖರಾ, ಪೋಖರಾದಿಂದ ಚಿಕ್ಕ ವಿಮಾನದಲ್ಲಿ ಜೋಮ್‌ಸೋಮ್. ಮಹಾಲಯ ಅಮಾವಾಸ್ಯೆಯ ದಿನ ಕಾಳಿಗಂಡಕಿ ನದಿಯ ದಂಡೆಯ ಕಾಗಬೇನಿಯಲ್ಲಿ ಪಿಂಡಪ್ರದಾನ, ಮರುದಿನ ಇನ್ನೂ ಮೇಲಿರುವ ಮುಕ್ತಿನಾಥ ದೇವಸ್ಥಾನ, ಆಮೇಲೆ ಕಾಠ್ಮಂಡುವಿಗೆ ಬಂದು ಪಶುಪತಿನಾಥನ ದರ್ಶನ ಮಾಡಿಕೊಂಡು ಊರಿಗೆ ಮರಳುವುದೆಂದು ಗೊತ್ತು ಮಾಡಿಕೊಂಡಿದ್ದರು.

ಪೋಖರಾ ತಲುಪುವವರೆಗೆ ಎಲ್ಲವೂ ಸರಿಯಾಗಿತ್ತು. ಅಲ್ಲಿ ಮಳೆ ಹಿಡಿದುಕೊಂಡಿತು. ನಸುಕಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವುದು, ಹತ್ತು ಗಂಟೆಯವರೆಗೆ ಕಾಯುವುದು, ವಿಮಾನ ಇಲ್ಲವೆಂದು ಹೇಳಿಸಿಕೊಂಡು ಲಾಡ್ಜಿಗೆ ವಾಪಸಾಗುವುದು ಇಷ್ಟೇ ನಡೆಯಿತು. ರಸ್ತೆಯಲ್ಲಿ ಹೋಗೋಣವೆಂದರೆ ಬೇನಿಯಿಂದ ಮೇಲೆ ಗುಡ್ಡ ಕುಸಿದು ದಾರಿ ಕಟ್ಟಿತ್ತು. ಮರಳುವ ರೈಲಿನ ಟಿಕೆಟ್ ಎಲ್ಲರಿಗೂ ಮೊದಲೇ ಆಗಿದ್ದರಿಂದ ತಂಡದ ಮುಖ್ಯಸ್ಥರು ಮುಕ್ತಿನಾಥವನ್ನು ಕೈಬಿಟ್ಟು ಉಳಿದವರನ್ನು ಕಾಠ್ಮಂಡುವಿಗೆ ಕರೆದುಕೊಂಡು ಹೋದರು. ಅಜ್ಜ ಮಾತ್ರ ಬಸ್ ಹತ್ತಲಿಲ್ಲ, ಅಜ್ಜ ಹತ್ತಲಿಲ್ಲವೆಂದು ಅಜ್ಜಿಯೂ ಹತ್ತಲಿಲ್ಲ. ಈ ಗಡಿಬಿಡಿಯಲ್ಲಿ ಅಜ್ಜಿಯ ಔಷಧದ ಚೀಲ ಇನ್ನೊಬ್ಬರ ಸಾಮಾನಿನ ಜೊತೆ ಕಾಠ್ಮಂಡುವಿಗೆ ಹೊರಟುಹೋಯಿತು. ಅಮಾವಾಸ್ಯೆಯ ದಿನ ಅಜ್ಜ ಫೇವಾ ಸರೋವರದ ದಂಡೆಯಲ್ಲಿ ಎಳ್ಳುನೀರು ಬಿಟ್ಟು ಬಂದರಂತೆ. ಇಂದು ತದಿಗೆ. ಮಳೆ ನಿಂತಿದೆ, ಬೇನಿಯ ದಾರಿಯನ್ನು ಒಂದು ಬದಿಗೆ ತೆರವು ಮಾಡಿದ್ದಾರೆಂದು ಲಾಡ್ಜಿನವರು ಹೇಳಿದ್ದಾರೆ.

ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಅಪ್ಪ ಕೂಡಲೇ ಸೋನೌಲಿ ಮಾರ್ಗವಾಗಿ ಮರಳಿ ಬರಲಿ ಎನ್ನುತ್ತಾರೆ. ಕಾಕಾ ಇಷ್ಟು ದೂರ ಹೋದವರನ್ನು ಬಾಗಿಲಿನಿಂದ ತಿರುಗಿಸಬಾರದು ಎನ್ನುತ್ತಾರೆ. ಅಜ್ಜ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಇಲ್ಲೀತನಕ ಬಂದೇವಿ, ಇನ್ನ ಮುಟ್ಟಿಕೊಂಡೇ ಬರ್ತೀವಿ. ನೀವು ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ರಿ." ಅಜ್ಜಿಯನ್ನು ಪ್ರತ್ಯೇಕವಾಗಿ ಕೇಳಿದಾಗ ಅವರೂ ಹೋಗಬೇಕೆಂದೇ ಹೇಳಿದರು, ಆದರೆ ಅವರ ದನಿಯಲ್ಲಿ ಅಳುಕಿತ್ತು.

ಅಜ್ಜನಿಗೆ ರಕ್ತದೊತ್ತಡ ಮತ್ತು ಮೊಣಕಾಲು ನೋವು ಇದೆ. ಅಜ್ಜಿಗೆ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಇನ್ಸುಲಿನ್ ಇಲ್ಲ, ಮಾತ್ರೆಗಳು ಮಾತ್ರ. ಇಬ್ಬರಿಗೂ ಹೃದಯದ ತೊಂದರೆ ಇದುವರೆಗೆ ಕಂಡುಬಂದಿಲ್ಲ. ಆ ಎತ್ತರಕ್ಕೆ ಇಂಥವರು ಹೋಗಬಹುದೇ, ದಾರಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಅಮಾವಾಸ್ಯೆ ದಾಟಿದ ಮೇಲೆ ಕಾಗಬೇನಿಯಲ್ಲಿ ಪಿಂಡ ಹಾಕಲು ಬರುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಉಪನ್ಯಾಸಕ, ರಾಯಚೂರು

ತಂಗಿ, ನಾನು ಭೂಗೋಳ ಕಲಿಸಿದವನು. ಮುಕ್ತಿನಾಥದ ದಾರಿಯ ಕಾಳಿಗಂಡಕಿ ಕಣಿವೆಯಲ್ಲಿ ಓಡಾಡಿಯೂ ಬಂದಿದ್ದೇನೆ. ದಾರಿಯ ಬಗ್ಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ, ಆರೋಗ್ಯದ ವಿಷಯವನ್ನು ವೈದ್ಯರಿಗೆ ಬಿಡುತ್ತೇನೆ.

ವಿಮಾನ ರದ್ದಾದದ್ದು ನಿಮ್ಮವರ ದುರದೃಷ್ಟವೇನಲ್ಲ, ಅದು ಆ ಕಣಿವೆಯ ಸ್ವಭಾವ. ಕಾಳಿಗಂಡಕಿಯು ಅನ್ನಪೂರ್ಣ ಮತ್ತು ಧವಳಗಿರಿ ಎಂಬ, 8,000 ಮೀಟರ್ ಮೀರಿದ ಎರಡು ಪರ್ವತಗಳ ನಡುವೆ ಕೊರೆದುಕೊಂಡು ಹರಿಯುತ್ತದೆ. ಹೊತ್ತೇರಿದಂತೆ ಉತ್ತರದ ಮುಸ್ತಾಂಗ್ ಪ್ರಸ್ಥಭೂಮಿ ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ, ಅದರ ಜಾಗಕ್ಕೆ ದಕ್ಷಿಣದ ಗಾಳಿ ಆ ಇಕ್ಕಟ್ಟಾದ ಕಣಿವೆಯ ಮೂಲಕ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಜೋಮ್‌ಸೋಮ್‌ನಲ್ಲಿ ನೆಟ್ಟಗೆ ನಿಲ್ಲುವುದೂ ಕಷ್ಟ. ಹೀಗಾಗಿ ಪೋಖರಾದಿಂದ ಕೇವಲ ಇಪ್ಪತ್ತು ನಿಮಿಷದ ಈ ಹಾರಾಟಗಳೆಲ್ಲ ಬೆಳಿಗ್ಗೆಯೇ ಮುಗಿಯಬೇಕು. ಬೆಳಿಗ್ಗೆ ಮೋಡ, ಮೋಡ ಸರಿಯುವ ಹೊತ್ತಿಗೆ ಗಾಳಿ ಎಂಬಂತಾದರೆ ಆ ದಿನ ಹೋಯಿತೆಂದೇ ಅರ್ಥ. ಮಳೆಗಾಲದ ಬಾಲ ಇನ್ನೂ ಇರುವ ಪಿತೃಪಕ್ಷದಲ್ಲಿ, ಒಂದು ದಿನವೂ ಬಿಡುವಿಲ್ಲದಂತೆ ಈ ವಿಮಾನವನ್ನೇ ನೆಚ್ಚಿಕೊಂಡು ಯಾತ್ರೆಯ ಪಟ್ಟಿ ತಯಾರಿಸಿದ್ದು ತಂಡದವರ ಅವಿವೇಕ ಎಂದು ನನ್ನ ಅಭಿಪ್ರಾಯ. ರದ್ದತಿಯ ಬಗ್ಗೆ ವಿಮಾನ ಕಂಪನಿಯವರಿಂದ ಒಂದು ಚೀಟಿ ಬರೆಸಿಕೊಳ್ಳಲು ಅಜ್ಜನಿಗೆ ಹೇಳಿ. ಊರಿಗೆ ಬಂದ ಮೇಲೆ ಹಣದ ಲೆಕ್ಕ ಕೇಳುವಾಗ ಬೇಕಾಗುತ್ತದೆ.

ಇನ್ನು ರಸ್ತೆ. ಪೋಖರಾದಿಂದ ಬಾಗ್ಲುಂಗ್ ಮಾರ್ಗವಾಗಿ ಬೇನಿ, ತಾತೋಪಾನಿ, ಘಾಸಾ, ಮಾರ್ಫಾ, ಜೋಮ್‌ಸೋಮ್, ಕಾಗಬೇನಿ ದಾಟಿ ಮುಕ್ತಿನಾಥ. ಒಟ್ಟು 170-180 ಕಿಲೋಮೀಟರ್ ಆಗುತ್ತದೆ. ಬಳ್ಳಾರಿಯಿಂದ ರಾಯಚೂರಿಗೆ ಬರುವ ದೂರಕ್ಕಿಂತ ಬಹಳ ಹೆಚ್ಚೇನಲ್ಲ, ಆದರೆ ಜೀಪಿಗೆ ಎಂಟು-ಹತ್ತು ಗಂಟೆ ಹಿಡಿಯುತ್ತದೆ. ಅಪಾಯವಿರುವುದು ಮುಖ್ಯವಾಗಿ ಬೇನಿಯಿಂದ ಘಾಸಾದವರೆಗೆ. ಹಿಮಾಲಯದ ದಕ್ಷಿಣ ಮಗ್ಗುಲಿಗೆ ಮಳೆ ವಿಪರೀತ. ಪೋಖರಾದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಬೀಳುತ್ತದೆ. ಘಾಸಾ ದಾಟಿ ಮೇಲೆ ಹೋದಂತೆ ಪರ್ವತದ ಮರೆಗೆ ಮಳೆಯೇ ಇಲ್ಲವಾಗುತ್ತದೆ. ಜೋಮ್‌ಸೋಮ್‌ನಲ್ಲಿ ವರ್ಷದ ಮಳೆ 300 ಮಿಲಿಮೀಟರ್‌ಗೂ ಕಡಿಮೆ. ನಮ್ಮ ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿಯೇ ಸರಾಸರಿ 600ರ ಆಸುಪಾಸು ಇರುವಾಗ ಅದು ಎಂಥ ಒಣ ಸೀಮೆ ಎಂಬುದನ್ನು ಊಹಿಸಿಕೊಳ್ಳಿ. ಆದ್ದರಿಂದ ಕೇಳಬೇಕಾದದ್ದು ಮುಕ್ತಿನಾಥದಲ್ಲಿ ಹವಾಮಾನ ಹೇಗಿದೆ ಎಂದಲ್ಲ; ಹಿಂದಿನ ಎರಡು ರಾತ್ರಿ ಬೇನಿ-ತಾತೋಪಾನಿಯಲ್ಲಿ ಮಳೆಯಾಗಿದೆಯೇ ಎಂದು. ಆಗಿಲ್ಲವಾದರೆ ಬೆಳಿಗ್ಗೆ ಬೇಗ ಹೊರಡಬಹುದು. ಕತ್ತಲಲ್ಲಿ ಮಾತ್ರ ಆ ದಾರಿಯಲ್ಲಿ ಪ್ರಯಾಣ ಮಾಡಲೇಬಾರದು.

ಮನೆಯವರ ಗಮನಕ್ಕೆ ಬಂದಿರಲಾರದ ಇನ್ನೊಂದು ಸಂಗತಿಯೆಂದರೆ ಅಲ್ಲಿನ ದಸರೆ. ದಶೈಂ ನೇಪಾಳದ ಅತಿ ದೊಡ್ಡ ಹಬ್ಬ. ಸಪ್ತಮಿಯ ದಿನದ ಫೂಲಪಾತಿಯಿಂದ ಕಚೇರಿಗಳೆಲ್ಲ ಮುಚ್ಚುತ್ತವೆ, ಕಾಠ್ಮಂಡು ಖಾಲಿಯಾಗಿ ಜನರೆಲ್ಲ ಊರ ಕಡೆ ಹೊರಡುತ್ತಾರೆ, ಜೀಪು-ಬಸ್ಸುಗಳು ಸಿಗುವುದು ದುರ್ಲಭವಾಗುತ್ತದೆ. ದಶಮಿಯ ದಿನ ಹಿರಿಯರ ಕೈಯಿಂದ ಹಣೆಗೆ ಟೀಕಾ ಹಚ್ಚಿಸಿಕೊಳ್ಳಲು ಚಾಲಕನೂ ತನ್ನ ಮನೆಗೆ ಹೋಗಲೇಬೇಕು. ಹೋಗುವುದಾದರೆ ಹೋಗಿ ಬರುವ ಎರಡೂ ಕಡೆಗೆ ಒಂದೇ ಜೀಪನ್ನು ಪೂರ್ತಿಯಾಗಿ ಗೊತ್ತು ಮಾಡಿಕೊಂಡು, ಯಾವ ದಿನ ಪೋಖರಾಕ್ಕೆ ಮರಳಿಸುತ್ತಾನೆಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಅಷ್ಟಮಿ-ನವಮಿಗೆ ಅಲ್ಲಿ ಬೀದಿಬೀದಿಯಲ್ಲಿ ಕುರಿ-ಮೇಕೆಗಳ ಬಲಿ ನಡೆಯುತ್ತದೆ. ಮಡಿಯವರಾದ ನಿಮ್ಮ ಅಜ್ಜ-ಅಜ್ಜಿಗೆ ಅದು ತಿಳಿದಿರಲಿ.

ಆ ಪ್ರದೇಶ ಪ್ರವೇಶಿಸಲು ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಬೇಕು. ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ, ಅಂದರೆ ನಮ್ಮ 625 ರೂಪಾಯಿ. ಪೋಖರಾದಲ್ಲಿಯೇ ಕೊಡುತ್ತಾರೆ. ತಂಡದವರು ಮೊದಲೇ ಮಾಡಿಸಿದ್ದರೆ ಆ ಕಾಗದ ಯಾರ ಬಳಿ ಇದೆಯೆಂದು ಕೇಳಿ. ಔಷಧದ ಚೀಲದ ಜೊತೆ ಅದೂ ಕಾಠ್ಮಂಡು ಸೇರಿರಬಹುದು.

ಉತ್ತರ: ಬಳ್ಳಾರಿ ವೈದ್ಯ

ನಿಮ್ಮ ಅಜ್ಜ-ಅಜ್ಜಿಯನ್ನು ನಾನು ಪರೀಕ್ಷಿಸಿಲ್ಲ. ಇಲ್ಲಿ ಬರೆಯುವುದು ಸಾಮಾನ್ಯ ತಿಳಿವಳಿಕೆ ಮಾತ್ರ. ಕೊನೆಯ ಮಾತು ಅವರನ್ನು ನೋಡುತ್ತಿರುವ ವೈದ್ಯರದ್ದು.

ಮೊದಲು ಮಾಡಬೇಕಾದದ್ದು ಅಜ್ಜಿಯ ಔಷಧದ ವ್ಯವಸ್ಥೆ. ರಕ್ತದೊತ್ತಡದ ಮಾತ್ರೆಯನ್ನು ದಿನಗಟ್ಟಲೆ ನಿಲ್ಲಿಸಿ ಆಮೇಲೆ ಎತ್ತರಕ್ಕೆ ಹತ್ತುವುದು ಸರಿಯಲ್ಲ. ಅವರ ಔಷಧ ಚೀಟಿಯ ಫೋಟೋ ಮನೆಯಲ್ಲಿದ್ದರೆ ಈಗಲೇ ಕಳುಹಿಸಿ. ನೇಪಾಳದ ಔಷಧ ಅಂಗಡಿಗಳಲ್ಲಿ ನಮ್ಮ ದೇಶದ ಕಂಪನಿಗಳ ಮಾತ್ರೆಗಳೇ ಹೆಚ್ಚಾಗಿ ಸಿಗುತ್ತವೆ, ಆದರೆ ಕಂಪನಿಯ ಹೆಸರು ಬೇರೆ ಇರಬಹುದಾದ್ದರಿಂದ ಒಳಗಿನ ಮೂಲ ಔಷಧದ ಹೆಸರು ಮತ್ತು ಮಿಲಿಗ್ರಾಂ ಪ್ರಮಾಣವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಳುಹಿಸಿ. ಮಾತ್ರೆ ಮತ್ತೆ ಆರಂಭಿಸಿ ಒಂದೆರಡು ದಿನವಾದ ಮೇಲೆ ಪೋಖರಾದ ಆಸ್ಪತ್ರೆಯಲ್ಲಿ ಇಬ್ಬರ ರಕ್ತದೊತ್ತಡ, ಸಕ್ಕರೆಯ ಪ್ರಮಾಣ, ಒಂದು ಇ.ಸಿ.ಜಿ. ಮಾಡಿಸಲಿ. ಒತ್ತಡ ಹಿಡಿತದಲ್ಲಿದ್ದರೆ ಅದೊಂದೇ ಕಾರಣಕ್ಕೆ ಯಾತ್ರೆಯನ್ನು ನಿಲ್ಲಿಸಬೇಕಾಗಿಲ್ಲ. ನಡೆದರೆ ಎದೆ ಹಿಡಿದುಕೊಳ್ಳುವುದು, ಮಲಗಿದಾಗ ಉಸಿರು ಕಟ್ಟುವುದು, ಇತ್ತೀಚೆಗೆ ಹೃದಯಾಘಾತವಾಗಿರುವುದು, ಇಂಥ ಏನಾದರೂ ಇದ್ದರೆ ಮಾತ್ರ ಚರ್ಚೆಯೇ ಬೇಡ, ಮರಳಿ ಬರಲಿ.

ಈಗ ಎತ್ತರದ ವಿಷಯ. ಗಂಗಾವತಿ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಪೋಖರಾ 800ರ ಆಸುಪಾಸು, ಜೋಮ್‌ಸೋಮ್ 2,700, ಮುಕ್ತಿನಾಥ ದೇವಸ್ಥಾನ 3,700 ಮೀಟರ್‌ಗೂ ಮೇಲೆ. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟು ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಕೊಡಬೇಕು. 2,500 ಮೀಟರ್ ದಾಟಿದ ಮೇಲೆ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು, ವಾಕರಿಕೆ, ತಲೆಸುತ್ತು, ನಿದ್ದೆ ಬಾರದಿರುವುದು ಕಾಣಿಸಿಕೊಂಡರೆ ಅದನ್ನು ಪಿತ್ತವೆಂದೋ ಪ್ರಯಾಣದ ಆಯಾಸವೆಂದೋ ತಳ್ಳಿಹಾಕಬಾರದು. ನಮ್ಮ ಹಿರಿಯರು ಶುಂಠಿ-ಬೆಲ್ಲ ತಿಂದು ಮಲಗುವುದೇ ಇಲ್ಲಿ ಅಪಾಯ.

ಈ ದೃಷ್ಟಿಯಿಂದ ನೋಡಿದರೆ ವಿಮಾನ ತಪ್ಪಿದ್ದರಿಂದ ಒಂದು ಅನುಕೂಲವೂ ಆಗಿದೆ. ವಿಮಾನವು 74 ವರ್ಷದವರನ್ನು ಇಪ್ಪತ್ತು ನಿಮಿಷಗಳಲ್ಲಿ 1,900 ಮೀಟರ್ ಮೇಲಕ್ಕೆತ್ತಿ ಇಳಿಸುತ್ತದೆ. ರಸ್ತೆಯಲ್ಲಿ ಹೋದರೆ ಆ ಏರಿಕೆಯನ್ನು ಹಂಚಿಕೊಳ್ಳಬಹುದು. ಒಂದೇ ದಿನಕ್ಕೆ ಜೋಮ್‌ಸೋಮ್ ಮುಟ್ಟುವ ಅವಸರ ಬೇಡ. ಮೊದಲ ರಾತ್ರಿ ತಾತೋಪಾನಿಯಲ್ಲಿ ಅಥವಾ ಘಾಸಾದಲ್ಲಿ ಉಳಿಯಲಿ. ಒಂದು ಸುಮಾರು 1,200 ಮೀಟರ್, ಇನ್ನೊಂದು 2,000. ಆಮೇಲೆ ಜೋಮ್‌ಸೋಮ್‌ನಲ್ಲಿ ಅಥವಾ ಕಾಗಬೇನಿಯಲ್ಲಿ ಎರಡು ರಾತ್ರಿ ಕಳೆದು, ಮೂರನೆಯ ಬೆಳಿಗ್ಗೆ ಮುಕ್ತಿನಾಥಕ್ಕೆ ಹೋಗಿ ದರ್ಶನ ಮಾಡಿಕೊಂಡು ಅದೇ ದಿನ ಕೆಳಕ್ಕೆ ಬರಲಿ. ಮುಕ್ತಿನಾಥದಲ್ಲಿ ಮಲಗುವುದು ಬೇಡ. ವಾಹನ ದೇವಸ್ಥಾನದ ಕೆಳಗಿನ ಊರಾದ ರಾಣಿಪೌವಾದವರೆಗೆ ಮಾತ್ರ ಹೋಗುತ್ತದೆ, ಅಲ್ಲಿಂದ ಏರು ದಾರಿ ಮತ್ತು ಮೆಟ್ಟಿಲು. ಕುದುರೆ ಸಿಗುತ್ತದೆ. ಮೊಣಕಾಲು ನೋವಿರುವ ಅಜ್ಜ ನಡೆದೇ ಹೋಗುತ್ತೇನೆಂದು ಹಟ ಹಿಡಿಯದಂತೆ ನೀವು ಈಗಲೇ ಮಾತು ತೆಗೆದುಕೊಳ್ಳಿ.

ಎತ್ತರದ ತೊಂದರೆಯನ್ನು ತಡೆಯಲು ಅಸಿಟಜೋಲಮೈಡ್ ಎಂಬ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧ ಒಗ್ಗದವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಸಲ್ಲದಿರಬಹುದು. ಆದ್ದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ಕೊಂಡು ನುಂಗಬಾರದು. ಶೌಚಾಲಯದ ಭಯದಿಂದ ಅಜ್ಜಿ ದಾರಿಯಲ್ಲಿ ನೀರು ಕುಡಿಯದೆ ಇರುವ ಸಂಭವ ಹೆಚ್ಚು; ಸಕ್ಕರೆ ಕಾಯಿಲೆಯವರಿಗೆ ಅದು ಬಹಳ ಕೆಟ್ಟದ್ದು. ಸಕ್ಕರೆ ಪರೀಕ್ಷಿಸುವ ಯಂತ್ರ ಮತ್ತು ಅದರ ಪಟ್ಟಿಗಳು ಚಳಿಯಲ್ಲಿ ತಪ್ಪು ಲೆಕ್ಕ ತೋರಿಸಬಹುದಾದ್ದರಿಂದ ಅವುಗಳನ್ನು ಸ್ವೆಟರಿನ ಒಳಗೆ, ಮೈಗೆ ಹತ್ತಿರ ಇಟ್ಟುಕೊಳ್ಳಲಿ.

ಉತ್ತರ: ಕೊಪ್ಪಳದ ಮಗ

ಮೇಲಿನ ಇಬ್ಬರು ಹಿರಿಯರ ಬಗ್ಗೆ ಗೌರವವಿಟ್ಟುಕೊಂಡೇ ನಾನು ಬೇರೆ ಮಾತು ಹೇಳುತ್ತೇನೆ. ಇಷ್ಟೆಲ್ಲ ಷರತ್ತುಗಳನ್ನು ಪಾಲಿಸುವವರು ಯಾರು? ಅಲ್ಲಿರುವುದು ಇಬ್ಬರೇ ವೃದ್ಧರು. ಒಬ್ಬರಿಗೆ ತಲೆನೋವು ಬಂದರೆ ಇನ್ನೊಬ್ಬರು ಗುರುತಿಸಬೇಕು, ಜೀಪಿನವನ ಜೊತೆ ಹಿಂದಿಯಲ್ಲಿ ವಾದಿಸಬೇಕು, ಗುಡ್ಡ ಕುಸಿದರೆ ನಡೆದು ದಾಟಿ ಆಚೆ ಬದಿಯ ವಾಹನ ಹಿಡಿಯಬೇಕು. ಹಣದ ಪ್ರಶ್ನೆಯೂ ಇದೆ. ಇಲ್ಲಿ ನಾವು ಕಟ್ಟುವ ಆರೋಗ್ಯ ವಿಮೆ ಸಾಮಾನ್ಯವಾಗಿ ದೇಶದ ಗಡಿ ದಾಟಿದರೆ ನಡೆಯುವುದಿಲ್ಲ. ಪ್ರತ್ಯೇಕ ಪ್ರವಾಸ ವಿಮೆ ಮಾಡಿಸಿದ್ದಾರೋ ಇಲ್ಲವೋ ನೀವು ಬರೆದಿಲ್ಲ. ಅಂಥ ವಿಮೆಯಲ್ಲಿಯೂ ಇಷ್ಟು ಮೀಟರ್‌ಗಿಂತ ಮೇಲಿನ ಎತ್ತರಕ್ಕೆ ಅನ್ವಯಿಸುವುದಿಲ್ಲವೆಂಬ ಷರತ್ತು ಇರುವುದುಂಟು. ಹೆಲಿಕಾಪ್ಟರ್ ಕರೆಸಬೇಕಾದ ಪ್ರಸಂಗ ಬಂದರೆ ಯಾರು ಕೊಡುತ್ತಾರೆ?

ಅಜ್ಜಿಯ ದನಿಯಲ್ಲಿ ಅಳುಕಿತ್ತು ಎಂದು ನೀವೇ ಬರೆದಿದ್ದೀರಿ. ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡ ಹೊರಟ ಮೇಲೆ ಒಲ್ಲೆನೆಂದು ಬಾಯಿಬಿಟ್ಟು ಹೇಳುವುದು ಎಷ್ಟು ಅಪರೂಪವೆಂಬುದು ನಿಮಗೂ ಗೊತ್ತು. ಅಜ್ಜ ಪಕ್ಕದಲ್ಲಿ ಇಲ್ಲದಾಗ ಇನ್ನೊಮ್ಮೆ ಮಾತಾಡಿಸಿ. ಅವರು ಪೋಖರಾದಲ್ಲಿಯೇ ಇರುತ್ತೇನೆಂದರೆ ಅದಕ್ಕೂ ದಾರಿ ಇರಬೇಕು.

ನನ್ನ ಸಲಹೆ ಇಷ್ಟು: ಮನೆಯಿಂದ ಒಬ್ಬರು ಅಲ್ಲಿಗೆ ಹೋಗಲಿ, ಆಮೇಲೆ ಮುಂದಿನ ಮಾತು. ಬೆಂಗಳೂರು ಅಥವಾ ಹೈದರಾಬಾದ್‌ನಿಂದ ದೆಹಲಿ ಮೂಲಕ ಕಾಠ್ಮಂಡು, ಅಲ್ಲಿಂದ ಪೋಖರಾಕ್ಕೆ ಇನ್ನೊಂದು ಚಿಕ್ಕ ವಿಮಾನ; ಎರಡು ದಿನದೊಳಗೆ ತಲುಪಬಹುದು. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಚೀಟಿ ಇಟ್ಟುಕೊಳ್ಳಬೇಕು, ಆಧಾರ್ ನಡೆಯುವುದಿಲ್ಲ. ಹೋಗಲು ಯಾರೂ ಸಿದ್ಧರಿಲ್ಲವಾದರೆ ಇಬ್ಬರನ್ನೂ ಮರಳಿ ಕರೆಸಿಕೊಳ್ಳಿ. ಮುಂದಿನ ವರ್ಷ ಚೈತ್ರದಲ್ಲಿ ನೀವೇ ಕರೆದುಕೊಂಡು ಹೋಗಬಹುದು.

ಉತ್ತರ: ಆನೆಗೊಂದಿ ವೈದಿಕ

ಪಿಂಡದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮನೆಯಲ್ಲಿ ಮಾಡುವ ಪಕ್ಷಮಾಸದ ಶ್ರಾದ್ಧ ಬೇರೆ, ತೀರ್ಥಶ್ರಾದ್ಧ ಬೇರೆ. ತೀರ್ಥಶ್ರಾದ್ಧಕ್ಕೆ ತಿಥಿಯ ನಿರ್ಬಂಧವಿಲ್ಲ. ತೀರ್ಥವನ್ನು ಯಾವ ದಿನ ಮುಟ್ಟುತ್ತೇವೋ ಆ ದಿನವೇ ಅದಕ್ಕೆ ಕಾಲ. ಕಾಗಬೇನಿಯಲ್ಲಿ ಮುಕ್ತಿನಾಥದ ಕಡೆಯಿಂದ ಬರುವ ಹೊಳೆ ಕಾಳಿಗಂಡಕಿಯನ್ನು ಸೇರುತ್ತದೆ. ಆ ಸಂಗಮದಲ್ಲಿ ವರ್ಷದ ಎಲ್ಲ ಕಾಲದಲ್ಲಿಯೂ ಪಿಂಡ ಹಾಕುವವರಿದ್ದಾರೆ. ಅಮಾವಾಸ್ಯೆಯ ದಿನ ಅಜ್ಜನವರು ತರ್ಪಣ ಬಿಟ್ಟಿರುವುದರಿಂದ ಆ ದಿನದ ಕರ್ತವ್ಯಕ್ಕೂ ಲೋಪವಾಗಿಲ್ಲ. ನವರಾತ್ರಿಯಲ್ಲಿ ಪಿತೃಕಾರ್ಯ ಮಾಡಬಹುದೇ ಎಂಬ ಅನುಮಾನ ಅವರಿಗೆ ಬಂದೀತು. ಮನೆಯಲ್ಲಿ ಘಟಸ್ಥಾಪನೆ ಮಾಡಿ ದೀಕ್ಷೆಯಲ್ಲಿರುವವರ ಮಾತು ಬೇರೆ. ಯಾತ್ರೆಯಲ್ಲಿರುವವರು ತಮ್ಮ ಮನೆಯ ಪುರೋಹಿತರನ್ನು ಫೋನಿನಲ್ಲಿ ಒಂದು ಮಾತು ಕೇಳಿ ಸಂಪ್ರದಾಯದಂತೆ ನಡೆದುಕೊಳ್ಳಲಿ.

ಇನ್ನೊಂದು ಮಾತು. ಅಮಾವಾಸ್ಯೆ ತಪ್ಪಿತೆಂಬ ಸಂಕಟದಿಂದಲೇ ಅವರು ಹಟ ಹಿಡಿದಿದ್ದರೆ, ತಪ್ಪಿಲ್ಲವೆಂದು ತಿಳಿದ ಮೇಲೆ ಅವಸರವೂ ಕಡಿಮೆಯಾದೀತು. ವೈದ್ಯರು ಹೇಳಿದ ಎರಡು ರಾತ್ರಿಗಳ ವಿಶ್ರಾಂತಿಗೆ ಒಪ್ಪಿಸಲು ಈ ಮಾತನ್ನು ಬಳಸಿಕೊಳ್ಳಿ.

ಮರುಬರಹ: ಗಂಗಾವತಿ ಮೊಮ್ಮಗಳು

ಎಲ್ಲರಿಗೂ ಕೃತಜ್ಞತೆಗಳು. ಅಜ್ಜಿಯ ಜೊತೆ ಬೇರೆಯಾಗಿ ಮಾತಾಡಿದೆ. ಅವರ ಅಳುಕು ಮುಕ್ತಿನಾಥದ್ದಾಗಿರಲಿಲ್ಲ. ಮಾತ್ರೆ ಕಳೆದುಹೋದದ್ದನ್ನು ಅಪ್ಪನಿಗೆ ತಿಳಿಸಿದರೆ ಬೈಗುಳ ತಪ್ಪದೆಂದು ಮುಚ್ಚಿಟ್ಟುಕೊಂಡು ಒಳಗೊಳಗೇ ಹೆದರಿದ್ದರು. ಔಷಧ ಚೀಟಿಯ ಫೋಟೋ ಕಳುಹಿಸಿದೆ, ಲಾಡ್ಜಿನ ಹುಡುಗ ಅದೇ ಸಂಜೆ ಎಲ್ಲವನ್ನೂ ತಂದುಕೊಟ್ಟಿದ್ದಾನೆ. ಅಂಗಡಿಯವರು ಗೋಡೆಯ ಕ್ಯೂಆರ್ ತೋರಿಸಿದ್ದರಿಂದ ಹಣವನ್ನು ಅಜ್ಜ ತಮ್ಮ ಫೋನಿನ ಯುಪಿಐ ಮೂಲಕವೇ ಕೊಟ್ಟರಂತೆ. ಆ ಸಂಭ್ರಮವನ್ನು ಮನೆಮಂದಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದ್ದಾರೆ.

ಕಾಕಾ ಹೊರಟಿದ್ದಾರೆ, ಪಂಚಮಿಯ ಸಂಜೆಗೆ ಪೋಖರಾ ಸೇರುತ್ತಾರೆ. ಅಪ್ಪ ಇದಕ್ಕೆ ಒಪ್ಪಿದರು, ಆದರೆ ಆಸ್ಪತ್ರೆಯ ಪರೀಕ್ಷೆಯಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಮೂವರೂ ಅಲ್ಲಿಂದಲೇ ಮರಳಬೇಕೆಂದು ಮಾತು ಮಾಡಿಸಿಕೊಂಡಿದ್ದಾರೆ. ದಸರೆಯ ನೂಕುನುಗ್ಗಲಿನಲ್ಲಿ ಸಿಕ್ಕಿಕೊಳ್ಳದೆ, ಹಬ್ಬ ಮುಗಿಯುವವರೆಗೆ ಪೋಖರಾದಲ್ಲಿದ್ದು ಏಕಾದಶಿಯ ನಂತರ ನಿಧಾನವಾಗಿ ಮೇಲಕ್ಕೆ ಹೋಗುವುದು ಒಳ್ಳೆಯದೇ, ಅಥವಾ ಈಗಲೇ ಹೊರಡಬೇಕೇ? ಎರಡನೆಯದಾಗಿ, ಮುಕ್ತಿನಾಥದ 108 ಧಾರೆಗಳ ಕೆಳಗೆ ಸ್ನಾನ ಮಾಡಿ, ಮುಂದಿನ ಎರಡು ಕುಂಡಗಳಲ್ಲಿ ಮುಳುಗಿ ಏಳುತ್ತೇನೆಂದು ಅಜ್ಜ ಸಂಕಲ್ಪ ಮಾಡಿದ್ದಾರೆ. ಇದಕ್ಕೇನು ಮಾಡಬೇಕು?

ಉತ್ತರ: ನಿವೃತ್ತ ಉಪನ್ಯಾಸಕ, ರಾಯಚೂರು

ಕಾಯುವುದೇ ಒಳ್ಳೆಯದು. ಷಷ್ಠಿಗೆ ಹೊರಟರೆ ವೈದ್ಯರು ಹೇಳಿದ ನಿಧಾನದ ಲೆಕ್ಕದಂತೆ ಅವರು ಮೇಲಿರುವಾಗಲೇ ಅಷ್ಟಮಿ-ನವಮಿ ಬರುತ್ತದೆ, ಇಳಿಯಲು ವಾಹನದ ತಾಪತ್ರಯವಾಗುತ್ತದೆ. ದಶಮಿಯ ಟೀಕಾ ಮುಗಿದ ಮೇಲೂ ಹುಣ್ಣಿಮೆಯವರೆಗೆ ಹಬ್ಬದ ಓಡಾಟವಿರುತ್ತದೆ, ಆದರೆ ದಟ್ಟಣೆ ಇಳಿಯುತ್ತ ಬರುತ್ತದೆ, ಆಕಾಶವೂ ತಿಳಿಯಾಗುತ್ತದೆ. ಅಶ್ವಯುಜದ ಉತ್ತರಾರ್ಧ ಮತ್ತು ಕಾರ್ತಿಕ ಆ ಕಣಿವೆಗೆ ಹೇಳಿಮಾಡಿಸಿದ ಕಾಲ. ಕಾಯುವ ದಿನಗಳಲ್ಲಿ ಪೋಖರಾದಲ್ಲಿ ವಿಂಧ್ಯವಾಸಿನಿ ದೇವಸ್ಥಾನವಿದೆ. ನವರಾತ್ರಿಯಲ್ಲಿ ದೇವಿಯ ದರ್ಶನವಾದಂತಾಯಿತು. ಅಲ್ಲಿ ಬಲಿ ಇರುವ ದಿನಗಳನ್ನು ತಪ್ಪಿಸಿ ಹೋಗಲಿ.

ಊಟಕ್ಕೆ ತೊಂದರೆಯಾಗದು. ದಾರಿಯುದ್ದಕ್ಕೂ ಥಕಾಲಿ ಜನರು ನಡೆಸುವ ಲಾಡ್ಜುಗಳಿವೆ. ಅನ್ನ, ಬೇಳೆ, ಪಲ್ಯ ಎಲ್ಲೆಡೆ ಸಿಗುತ್ತದೆ. ಬೆಳ್ಳುಳ್ಳಿ-ಈರುಳ್ಳಿ ಹಾಕದೆ ಮಾಡಿಕೊಡಿ ಎಂದು ಮುಂಚೆಯೇ ಹೇಳಿದರೆ ಒಪ್ಪುತ್ತಾರೆ. ಆದರೂ ಕಾಕಾ ಹೊರಡುವಾಗ ಗಂಗಾವತಿಯಿಂದ ಅವಲಕ್ಕಿ, ಶೇಂಗಾ ಚಟ್ನಿಪುಡಿ ಒಯ್ಯಲಿ; ಗುಡ್ಡ ಕುಸಿದು ದಾರಿಯಲ್ಲಿ ನಾಲ್ಕು ತಾಸು ನಿಲ್ಲಬೇಕಾಗಿ ಬಂದರೆ ಅದೇ ಊಟ. ನೂರರ ನೋಟುಗಳನ್ನು ಸಾಕಷ್ಟು ಇಟ್ಟುಕೊಳ್ಳಲಿ, ಮೇಲೆ ಹೋದಂತೆ ಯುಪಿಐ ನಂಬಿಕೊಳ್ಳಲಾಗದು. ಪ್ರವಾಸಿಗರಿಗಾಗಿ ಇರುವ ನೇಪಾಳಿ ಪೊಲೀಸರ ಸಹಾಯವಾಣಿ 1144 ಅನ್ನು ಮೂವರ ಫೋನಿನಲ್ಲಿಯೂ ಬರೆದಿಡಿ.

ಉತ್ತರ: ಬಳ್ಳಾರಿ ವೈದ್ಯ

ಕಾಯುವ ನಿರ್ಧಾರಕ್ಕೆ ನನ್ನ ಒಪ್ಪಿಗೆಯಿದೆ. ಅಷ್ಟು ದಿನ ಮಾತ್ರೆ ಸರಿಯಾಗಿ ನಡೆದರೆ ಅಜ್ಜಿಯ ರಕ್ತದೊತ್ತಡದ ನಿಜಸ್ಥಿತಿ ತಿಳಿಯುತ್ತದೆ. ಪರೀಕ್ಷೆಯನ್ನು ಹೊರಡುವ ಎರಡು ದಿನ ಮೊದಲು ಇನ್ನೊಮ್ಮೆ ಮಾಡಿಸಿ.

ಧಾರೆಯ ಸ್ನಾನಕ್ಕೆ ಮಾತ್ರ ನಾನು ಒಪ್ಪಲಾರೆ. ಹಿಮ ಕರಗಿ ಬರುವ ನೀರು ಮೈಮೇಲೆ ಬಿದ್ದ ಕ್ಷಣದಲ್ಲಿ ರಕ್ತನಾಳಗಳು ಕುಗ್ಗಿ ಒತ್ತಡ ಥಟ್ಟನೆ ಏರುತ್ತದೆ, ಹೃದಯದ ಮೇಲೆ ಭಾರ ಬೀಳುತ್ತದೆ. ಅದೇ ಹೊತ್ತಿಗೆ ಆಮ್ಲಜನಕವೂ ಕಡಿಮೆ ಇರುತ್ತದೆ. ಜೊತೆಗೆ ಒದ್ದೆ ಕಲ್ಲು, ಒದ್ದೆ ಪಂಚೆ, ನೋಯುವ ಮೊಣಕಾಲು. ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಅಲ್ಲಿಂದ ಪೋಖರಾಕ್ಕೆ ತರುವುದೇ ಒಂದು ದಿನದ ಕೆಲಸ. ಸಕ್ಕರೆ ಕಾಯಿಲೆ ಇರುವ ಅಜ್ಜಿ ಬರಿಗಾಲಿನಲ್ಲಿ ಆ ತಣ್ಣನೆಯ ಕಲ್ಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದೂ ಬೇಡ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಗಾಯವಾದದ್ದೂ ತಿಳಿಯುವುದಿಲ್ಲ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಪ್ರದಕ್ಷಿಣೆ ಮಾಡಲಿ.

ರಾತ್ರಿ ಕಾಗಬೇನಿಯಲ್ಲಿ ಯಾರಿಗಾದರೂ ತಲೆನೋವು ಆರಂಭವಾದರೆ ಮರುದಿನ ಮುಕ್ತಿನಾಥಕ್ಕೆ ಹೋಗಬಾರದು. ಇದ್ದಲ್ಲೇ ಇನ್ನೊಂದು ದಿನ ವಿಶ್ರಾಂತಿ. ಮಲಗಿದ್ದಾಗಲೂ ಏದುಸಿರು, ಕೆಮ್ಮು, ತೂರಾಡುವ ನಡಿಗೆ, ತೊದಲುವ ಮಾತು ಕಂಡರೆ ಕಾಯುವ ಪ್ರಶ್ನೆಯೇ ಇಲ್ಲ. ಆಗ ಜೋಮ್‌ಸೋಮ್‌ನ ಆಸ್ಪತ್ರೆಗೆ ಹೋಗಿ ಆಮ್ಲಜನಕ ಕೊಡಿಸಿ, ದಾರಿ ಕಾಣುವಷ್ಟು ಬೆಳಕಾದ ಕೂಡಲೇ ಘಾಸಾದ ಕಡೆಗೆ ಇಳಿಯಬೇಕು. ಇದನ್ನು ಕಾಕಾ ಅವರಿಗೆ ಕನ್ನಡದಲ್ಲಿ ಬರೆದು ಕಳುಹಿಸಿ, ಜೀಪಿನ ಚಾಲಕನಿಗೂ ಹೊರಡುವಾಗಲೇ ಹೇಳಿಸಿ.

ಉತ್ತರ: ಆನೆಗೊಂದಿ ವೈದಿಕ

ಸ್ನಾನದ ಬಗ್ಗೆ ವೈದ್ಯರ ಮಾತೇ ಸರಿ. ವೃದ್ಧರಿಗೆ, ರೋಗಿಗಳಿಗೆ ಪ್ರೋಕ್ಷಣೆ ಸಾಕು. ಅಶಕ್ತರಿಗೆ ಮಂತ್ರಸ್ನಾನವನ್ನು ಹೇಳಿಯೇ ಇದ್ದಾರೆ. ಕಾಕಾ ಅವರು ಒಂದು ತಂಬಿಗೆಯಲ್ಲಿ 108 ಧಾರೆಗಳ ನೀರನ್ನೂ ಸ್ವಲ್ಪ ಸ್ವಲ್ಪವಾಗಿ ಹಿಡಿದು ತಂದು ಇಬ್ಬರ ತಲೆಯ ಮೇಲೆ ಚಿಮುಕಿಸಲಿ. ಸಂಕಲ್ಪ ಹಾಗೇ ಇರಲಿ, ಮುಳುಗುವ ಕೆಲಸವನ್ನು ವಯಸ್ಸಿನಲ್ಲಿ ಚಿಕ್ಕವರಾದ ಕಾಕಾ ಅವರು ಅಜ್ಜನವರ ಪರವಾಗಿ ಮಾಡಬಹುದು. ಅಜ್ಜನವರು ಇನ್ನೂ ಒಪ್ಪದಿದ್ದರೆ ನನಗೆ ಇಲ್ಲಿಯೇ ತಿಳಿಸಿ. ಅವರ ಪುರೋಹಿತರಿಂದಲೇ ಫೋನ್ ಮಾಡಿಸಿ ಹೇಳಿಸುವ ವ್ಯವಸ್ಥೆ ಮಾಡೋಣ.